ಇನ್‌ಹೇಲರ್ ಅಂದರೆ ಹೆದರಿಕೆ ಏಕೆ?

ಬೆಳಗಿನ ಜಾವ ಎದೆಯಲ್ಲಿ ಸುಂಯ್ ಎನ್ನುವ ಸದ್ದು, ಬಿಡದ ಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಮಾತ್ರ ಬೀರುವಿನಲ್ಲಿ ಸೀರೆಗಳ ಮಧ್ಯೆ ಅಡಗಿದೆ. 'ಪಂಪ್ ಒಂದ್ಸಲ ಹಿಡಿದ್ರೆ ಬಿಡೋಕಾಗಲ್ಲ', 'ಮದುವೆಯಾಗೋ ಹುಡುಗಿ, ನೋಡಿದವರು ಏನಂತಾರೆ?' ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ನೂಲಿನ ದೂಳು, ನೆಲಮಂಗಲ, ಹೊಸಕೋಟೆಗಳ ಹೆದ್ದಾರಿ ಬದಿಯಲ್ಲಿ ವಾಹನಗಳ ಹೊಗೆ, ಹಳ್ಳಿಮನೆಯಲ್ಲಿ ಸೌದೆ ಒಲೆ. ಆಸ್ತಮಾ ಇರುವವರನ್ನು ಕೆಣಕಲು ಇಷ್ಟು ಸಾಕು.

ಜೀವಕೋಶದ ಬಾಗಿಲುಗಳು

ಶ್ವಾಸಕೋಶದ ಪ್ರತಿ ಜೀವಕೋಶಕ್ಕೂ ಜಿಡ್ಡಿನ ತೆಳು ಪೊರೆಯಿದೆ. ಅದರಲ್ಲಿ ಬಾಗಿಲುಗಳಂತೆ ಸಾಗಣೆ ಪ್ರೋಟೀನುಗಳಿವೆ. ಕೆಲವು ಬೇಕಾದ್ದನ್ನು ಒಳಗೆ ಬಿಟ್ಟುಕೊಂಡರೆ, ಕೆಲವು ಬೇಡದ್ದನ್ನು ಹೊರಗೆ ದಬ್ಬುತ್ತವೆ. ಶ್ವಾಸನಾಳದ ಒಳಗೋಡೆ ತೇವವಾಗಿರುವುದೂ ಉಪ್ಪಿನಂಶ ಸಾಗಿಸುವ ಪ್ರೋಟೀನುಗಳಿಂದಲೇ. ಆ ತೇವವಿದ್ದರೆ ತಾನೇ ಕಫವು ದೂಳನ್ನು ಹೊತ್ತು ಮೇಲೆ ಬರುವುದು!

ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಸಾಲ್ಬುಟಮಾಲ್ ಈ ಒಳಗೋಡೆ ದಾಟಿ ಹಿಂದಿನ ಸ್ನಾಯುವನ್ನು ಸಡಿಲಿಸಬೇಕು. ವಿದ್ಯುದಂಶವಿರುವ ಔಷಧಿಯಾದ್ದರಿಂದ ಜಿಡ್ಡಿನ ಪೊರೆ ಅದನ್ನು ಸುಲಭವಾಗಿ ಬಿಡದು. ಇಂಥವನ್ನು ದಾಟಿಸಲು ಸಾಗಣೆ ಪ್ರೋಟೀನುಗಳು ನೆರವಾಗುತ್ತವೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಸ್ಟಿರಾಯ್ಡ್ ಹಾಗಲ್ಲ. ಅದು ಜಿಡ್ಡಿನಲ್ಲಿ ಕರಗಿ ತಾನಾಗಿಯೇ ಒಳಗೆ ಹೋಗುತ್ತದೆ, ಆದರೆ ಊತ ಇಳಿಸಲು ದಿನಗಳೇ ಬೇಕು. ಆದ್ದರಿಂದಲೇ 'ಹುಷಾರಾದೆ' ಎಂದು ಅದನ್ನು ನಿಲ್ಲಿಸಬಾರದು.

ಮಾತ್ರೆಗಿಂತ ಮೇಲು

ಮಾತ್ರೆ ಹೊಟ್ಟೆ, ಲಿವರ್, ರಕ್ತವನ್ನೆಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. 4 ಮಿಲಿಗ್ರಾಂ ಸಾಲ್ಬುಟಮಾಲ್ ಮಾತ್ರೆಯಲ್ಲಿರುವ ಔಷಧಿ, 100 ಮೈಕ್ರೋಗ್ರಾಂನ ಒಂದು ಪಫ್‌ಗಿಂತ 40 ಪಟ್ಟು ಹೆಚ್ಚು! ಕೈ ನಡುಕ, ಎದೆ ಡವಡವ ಮಾತ್ರೆಯಲ್ಲೇ ಜಾಸ್ತಿ. ಇನ್‌ಹೇಲರ್ ಚಟವಾಗುವುದಿಲ್ಲ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವುದಿಲ್ಲವೇ? ಇದೂ ಹಾಗೆಯೇ.

ಹೀಗೆ ಬಳಸಿ

* ಚೆನ್ನಾಗಿ ಕುಲುಕಿ, ಉಸಿರು ಪೂರ್ತಿ ಹೊರಗೆ ಬಿಡಿ.
* ತುಟಿ ಬಿಗಿಹಿಡಿದು, ನಿಧಾನವಾಗಿ ಉಸಿರೆಳೆಯುತ್ತಲೇ ಒತ್ತಿ. 10 ಸೆಕೆಂಡು ಉಸಿರು ಹಿಡಿಯಿರಿ.
* ಎರಡನೇ ಪಫ್‌ಗೆ ಅರ್ಧ ನಿಮಿಷವಾದರೂ ಬಿಡುವಿರಲಿ.
* ಹೊಂದಿಸಿಕೊಳ್ಳಲು ಆಗದಿದ್ದರೆ ವೈದ್ಯರ ಬಳಿ ಸ್ಪೇಸರ್ ಕೇಳಿ.
* ಸ್ಟಿರಾಯ್ಡ್ ಪಫ್ ನಂತರ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲವಾದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು.
* ಬಸಿರಿಯಾದ ತಕ್ಷಣ ನೀವಾಗಿಯೇ ನಿಲ್ಲಿಸಬೇಡಿ. ತಾಯಿಗೆ ಉಸಿರು ಕಟ್ಟಿದರೆ ಮಗುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ.

ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಸಾಲ್ಬುಟಮಾಲ್ ಬೇಕಾಗುತ್ತಿದ್ದರೆ ರೋಗ ಹತೋಟಿಯಲ್ಲಿಲ್ಲ ಎಂದರ್ಥ, ವೈದ್ಯರನ್ನು ಕಾಣಿ. ಮಾತಾಡಲೂ ಆಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇವತ್ತೇ ಆ ಇನ್‌ಹೇಲರನ್ನು ಬೀರುವಿನಿಂದ ತೆಗೆದು ಕೈಗೆ ಸಿಗುವ ಜಾಗದಲ್ಲಿಡಿ. ಮನೆಯವರಿಗೂ ತೋರಿಸಿ, ಹೇಳಿಕೊಡಿ. ನಡುರಾತ್ರಿ ಉಸಿರು ಕಟ್ಟಿದಾಗ ಅದನ್ನು ತಂದು ಕೊಡಬೇಕಾದವರು ಅವರೇ ತಾನೇ?