ಬೋರ್ಡಿನ ಕಂಬಕ್ಕೆ ಬ್ರಷ್ ಕಟರ್ ಕಾಟ

ಹೊಸೂರು: ಮಳೆ ಬಿದ್ದು ಹುಲ್ಲು ಎದ್ದರೆ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ತೋಟಗಳಲ್ಲಿ ಬ್ರಷ್ ಕಟರ್ ಸದ್ದು ಶುರುವಾಗುತ್ತದೆ. ಕೂಲಿಯಾಳು ಸಿಗದ ಕಾಲದಲ್ಲಿ ಯಂತ್ರ ಬೇಡವೆನ್ನಲಾಗದು. ಆದರೆ ದಾರಿ ತೋರಿಸಲು ನೆಟ್ಟ ಮರದ ಬೋರ್ಡುಗಳಿಗೆ ಇದರಿಂದ ಆಯಸ್ಸು ಕಡಿಮೆ.

ವೇಗವಾಗಿ ತಿರುಗುವ ನೈಲಾನ್ ದಾರ ಪ್ರತಿ ಸಲವೂ ಕಂಬದ ಬುಡಕ್ಕೇ ಬಡಿಯುತ್ತದೆ. ಮೊದಲು ಬಣ್ಣ, ಆಮೇಲೆ ಮರದ ಹೊರಪದರ ಹೋಗುತ್ತದೆ. ತೇವ, ಗೆದ್ದಲು ಮೊದಲು ಹಿಡಿಯುವುದೂ ನೆಲಮಟ್ಟದ ಈ ಜಾಗವನ್ನೇ. ಗೆದ್ದಲಿಗೆಂದು ಬಳಿದ ಎಣ್ಣೆ ಇರುವುದು ಹೊರಪದರದಲ್ಲಿ; ಅದೂ ಹೋಯಿತು. ನೋಡಲು ಗಟ್ಟಿಯಾಗಿರುವ ಕಂಬ ಒಂದು ಜೋರು ಗಾಳಿಗೆ ಬುಡದಲ್ಲಿ ಮುರಿಯುತ್ತದೆ.

ಬೋರ್‌ವೆಲ್ ಕೇಸಿಂಗ್ ಪೈಪಿನ ಒಂದಡಿ ತುಂಡನ್ನು ಉದ್ದಕ್ಕೆ ಸೀಳಿ ಬುಡಕ್ಕೆ ತೊಡಿಸಿದರೆ ದಾರದ ಏಟು ತಪ್ಪುತ್ತದೆ. ಬಿಗಿಯಾಗಿ ಕೂರಿಸಬಾರದು, ಒಳಗೆ ನೀರು ನಿಂತು ಮರ ಕೊಳೆಯುತ್ತದೆ. ಯಂತ್ರಕ್ಕೆ ಕಬ್ಬಿಣದ ಬ್ಲೇಡ್ ಹಾಕಿದ್ದರೆ ಪೈಪೂ ಉಳಿಯದು. ಕಂಬದ ಸುತ್ತ ಒಂದಡಿ ಜಾಗವನ್ನು ಕುಡುಗೋಲಿನಲ್ಲೇ ಕೊಯ್ಯುವುದು ಇನ್ನೂ ಮೇಲು. ಕೆಲವರು ಬುಡಕ್ಕೆ ಜಲ್ಲಿ ಸುರಿಯುತ್ತಾರೆ. ದಾರಕ್ಕೆ ಸಿಕ್ಕ ಜಲ್ಲಿ ಕಣ್ಣಿಗೆ ಹಾರೀತು, ಚಪ್ಪಡಿ ಚೂರು ಹಾಸುವುದು ವಾಸಿ. ಗ್ರಾನೈಟ್‌ಗೆ ಬರವಿಲ್ಲದ ಕೃಷ್ಣಗಿರಿ ಜಿಲ್ಲೆಯಲ್ಲಿ ಹೊಸ ಬೋರ್ಡಿಗೆ ಕಲ್ಲುಕಂಬವನ್ನೇ ನೆಡಬಹುದಲ್ಲವೆ?

ಕಂಬ ಹೋದರೆ ಇನ್ನೊಂದು ನೆಡಬಹುದು, ಮಾವಿನ ಸಸಿಯ ಮಾತು ಬೇರೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಮೂಲಕ. ದಾರ ಅದನ್ನು ಸುತ್ತಲೂ ಸುಲಿದರೆ ಸಸಿ ಒಣಗುತ್ತದೆ. ತೋತಾಪುರಿ ನೆಟ್ಟವರು ಅದೇ ಪೈಪ್ ತುಂಡನ್ನು ಸಸಿಗೂ ತೊಡಿಸಿ, ಕಾಂಡ ದಪ್ಪವಾಗುತ್ತಾ ಬಂದಾಗ ತೆಗೆಯಬೇಕು.