ವ್ಯವಸಾಯದ ವಿಮಾನವೂ ಅದು ಇಳಿಯುವ ನೆಲವೂ

ವಿಮಾನದಿಂದ ಔಷಧವನ್ನೂ ಗೊಬ್ಬರವನ್ನೂ ಎರಚುವ ಪದ್ಧತಿಯು ಹೊಸದಲ್ಲ. ೧೯೨೧ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಅಮೆರಿಕಾದ ಓಹಾಯೋ ಸಂಸ್ಥಾನದಲ್ಲಿ ಮರಗಳ ತೋಪಿಗೆ ಬಿದ್ದಿದ್ದ ಹುಳುವಿನ ನಾಶಕ್ಕಾಗಿ ಇದನ್ನು ಮೊದಲು ಪರೀಕ್ಷಿಸಿದರು. ೧೯೪೮ರಲ್ಲಿ ನ್ಯೂಜಿಲೆಂಡ್ ದೇಶದವರು ಹುಲ್ಲುಗಾವಲುಗಳಿಗೆ ಸೂಪರ್ ಫಾಸ್ಫೇಟನ್ನು ಚೆಲ್ಲುವ ಪ್ರಯೋಗಗಳನ್ನು ನಡೆಸಿ, ಮರುವರ್ಷವೇ ಅದನ್ನು ಉದ್ಯಮವನ್ನಾಗಿ ಮಾಡಿಕೊಂಡರು. ನಮ್ಮ ದೇಶದ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿಯೂ ೧೯೭೦ರ ದಶಕದಲ್ಲಿ 'ಬಸಂತ್' ಎಂಬ ವ್ಯವಸಾಯದ ವಿಮಾನಗಳು ನಿರ್ಮಾಣವಾದುವು.

ನ್ಯೂಜಿಲೆಂಡಿನ ಗುಡ್ಡಗಾಡಿನಲ್ಲಿ ಇಂತಹ ವಿಮಾನವು ರೈತನ ಜಮೀನಿನಲ್ಲಿಯೇ ಇಳಿದು ಏರುವುದು. ಇಳಿದಾಣವು ಸಾಮಾನ್ಯವಾಗಿ ಇಳಿಜಾರಿನ ಹುಲ್ಲುನೆಲ. ದಿಣ್ಣೆಯ ಕಡೆಗೆ ಇಳಿದು, ತಗ್ಗಿನ ಕಡೆಗೆ ಏರುವುದು ರೂಢಿ. ಎದುರಿಗೆ ಗುಡ್ಡವಿರುವಲ್ಲಿ, ಇಳಿಯತೊಡಗಿದ ಚಾಲಕನಿಗೆ ಮತ್ತೆ ಮೇಲೇರುವ ಅವಕಾಶವು ದೊರೆಯದು. ಆಗ ಅವನ ಪ್ರಾಣವು ನೆಲದ ಗುಣವನ್ನೇ ಅವಲಂಬಿಸಿರುವುದು.

ಓಟದಲ್ಲಿರುವ ವಿಮಾನದ ಮುಂಗಾಲಿಯು ಬಂಡಿಯ ಜಾಡಿಗಾಗಲಿ ಮೊಲದ ಬಿಲಕ್ಕಾಗಲಿ ಬಿದ್ದರೆ, ಗಾಲಿಯ ಕಾಲು ಮುರಿದು, ಮೂತಿಯು ನೆಲಕ್ಕೆ ತಾಗಿ, ತಿರುಗುವ ಪಂಖವು ಮಣ್ಣಿಗೆ ಬಡಿದು ಬಾಗುವುದು; ಎಂಜಿನ್ನೂ ಕೆಡುವುದು. ಬಾಲಗಾಲಿಯ ವಿಮಾನವಾದರೆ ಮಗುಚಿಕೊಳ್ಳುವುದೂ, ಗಿರಕಿ ಹೊಡೆದು ರೆಕ್ಕೆ ಮುರಿದುಕೊಳ್ಳುವುದೂ ಉಂಟು. ಎಣ್ಣೆಯ ತೊಟ್ಟಿಯು ಒಡೆದರೆ ಬೆಂಕಿಯ ಭಯವೂ ಇದೆ.

ಇವುಗಳ ನಿವಾರಣೆಗೆ ಜಮೀನುದಾರರು ಗಮನಿಸತಕ್ಕ ಅಂಶಗಳು:

(೧) ಜಾಡು, ಗುಣಿ, ಬಿಲಗಳನ್ನು ಮುಚ್ಚಿ ದಮ್ಮಸು ಮಾಡಿಸಬೇಕು. ಬಳಿಕ ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಮೋಟಾರ್ ಕಾರನ್ನು ಅದರ ಮೇಲೆ ಓಡಿಸಿ ನೋಡುವುದು. ಕುಳಿತವರಿಗೆ ಬಲವಾದ ಕುಲುಕು ತಗುಲಿದರೆ ಆ ನೆಲವು ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯತಕ್ಕದ್ದು.

(೨) ಎತ್ತರದ ಹುಲ್ಲು ಗುಣಿಗಳನ್ನು ಮರೆಮಾಡುವುದು. ಒದ್ದೆಯ ಹುಲ್ಲಿನ ಮೇಲೆ ಬ್ರೇಕು ಹಿಡಿಯದು. ಹುಲ್ಲನ್ನು ಕೊಯ್ಯಿಸಿ, ನೀರು ಬಸಿದುಹೋಗಲು ಪಕ್ಕಗಾಲುವೆಗಳನ್ನು ತೆಗೆಸಬೇಕು.

(೩) ಗಾಳಿಯ ದಿಕ್ಕನ್ನು ತೋರಿಸುವ ಬಟ್ಟೆಯ ಚೀಲವನ್ನು ಕಂಬಕ್ಕೆ ಕಟ್ಟಿಸಬೇಕು. ಬೆನ್ನಗಾಳಿಯು ಇಳಿಯುವ ವೇಗದ ಹತ್ತರಲ್ಲೊಂದು ಪಾಲಿದ್ದರೂ, ನಿಲ್ಲಲು ಬೇಕಾದ ದೂರವು ಸುಮಾರು ಐದರಲ್ಲೊಂದು ಪಾಲು ಹೆಚ್ಚುವುದು.

(೪) ದನಕುರಿಗಳನ್ನು ದೂರವಿರಿಸಬೇಕು. ಬೇಲಿ ತಂತಿಗಳನ್ನೂ ವಿದ್ಯುತ್ತಿನ ತಂತಿಗಳನ್ನೂ ಚಾಲಕನಿಗೆ ಮೊದಲೇ ತೋರಿಸಿಕೊಡಬೇಕು.

(೫) ಗೊಬ್ಬರವನ್ನು ಮಳೆ ತಾಗದಂತೆ ಮುಚ್ಚಿಡಬೇಕು. ತೇವದ ಗೊಬ್ಬರವು ಗಂಟುಕಟ್ಟಿ ವಿಮಾನದ ತೊಟ್ಟಿಯಿಂದ ಉದುರದೆ ನಿಂತರೆ, ಚಾಲಕನು ಪೂರ್ಣಭಾರದೊಡನೆಯೇ ಇಳಿಯಬೇಕಾದೀತು.

ಕೆಲಸದ ಸ್ಥಳವು ಯಾರ ಆಡಳಿತದಲ್ಲಿರುವುದೋ ಅವರು ಸಾಧ್ಯವಾದಮಟ್ಟಿಗೆ ಅದನ್ನು ನಿರಪಾಯವಾಗಿಡಬೇಕೆಂದು ನ್ಯೂಜಿಲೆಂಡಿನ ೨೦೧೫ರ ಕಾಯಿದೆಯು ವಿಧಿಸುವುದು. ಬೇಸಾಯಗಾರನೂ ಇದಕ್ಕೆ ಹೊರತಲ್ಲ. ನಮ್ಮಲ್ಲಿ ಈಗ ಸಿಂಪಡಿಕೆಗೆ ಬಂದಿರುವ ಡ್ರೋನ್ ಯಂತ್ರದಲ್ಲಿ ಮನುಷ್ಯನು ಕುಳಿತಿರುವುದಿಲ್ಲ. ಅದು ಕೆಟ್ಟಲ್ಲಿ ಇಳಿದರೆ ಯಂತ್ರಕ್ಕೆ ಮಾತ್ರ ನಷ್ಟ. ವಿಮಾನದಲ್ಲಾದರೋ ಒಬ್ಬ ಮನುಷ್ಯನು ಕುಳಿತಿರುವನು. ಅವನು ದಿನವೊಂದರಲ್ಲಿ ಅನೇಕ ಸಲ ನಮ್ಮ ನೆಲವನ್ನು ನಂಬಿ ಇಳಿಯುವನು. ಏರಿ ಒಡೆದ ಮೇಲೆ ಕೆರೆಯ ಕಟ್ಟೆಯನ್ನು ನೋಡಲು ಹೋಗುವುದು ಹೇಗೆ ವ್ಯರ್ಥವೋ, ವಿಮಾನವು ಮುರಿದ ಮೇಲೆ ಗುಣಿಯನ್ನು ಮುಚ್ಚಿಸುವುದೂ ಹಾಗೆಯೇ ಎಂಬುದನ್ನು ಜಮೀನುದಾರರೂ ಗ್ರಾಮದ ಮುಖಂಡರೂ ಮನಗಾಣಬೇಕು.