ಗ್ಯಾಸ್ ಸೋರಿದರೆ ನೆಲದ ಕಡೆ ಗಮನವಿರಲಿ

ಗುರುವಾರ ಬಂತೆಂದರೆ ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಜನ ಸೇರುತ್ತಾರೆ. ಅಂದು ಖಾನಾವಳಿಗಳ ಭಟ್ಟಿಗೆ ಬಿಡುವಿಲ್ಲ. ಹಿಂಬದಿಯಲ್ಲಿ 19 ಕಿಲೋದ ಸಿಲಿಂಡರುಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿ ದುಡಿಯುವವರು ಇದನ್ನು ತಿಳಿದಿರಬೇಕು.

ಎಲ್‌ಪಿಜಿ, ಅಂದರೆ ಅಡುಗೆ ಅನಿಲ, ಸೋರಿದ ತಕ್ಷಣ ಸಿಡಿಯುವುದಿಲ್ಲ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು 2ರಿಂದ 9ರಷ್ಟಿದ್ದಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ನೂರಕ್ಕೆ 2 ಎಷ್ಟು ಮಹಾ ಅನಿಸಬಹುದು. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯನ್ನು ಆ ಮಟ್ಟಕ್ಕೆ ತರಲು ಒಂದೂಕಾಲು ಕಿಲೋ ಗ್ಯಾಸ್ ಸಾಕು. ಉಳಿದದ್ದು ಇನ್ನೂ ಸಿಲಿಂಡರಿನಲ್ಲೇ ಇರುತ್ತದೆ.

ಕಿಟಕಿ ತೆರೆದಿದೆಯಲ್ಲ ಎನ್ನುತ್ತೀರಾ? ಅಷ್ಟು ಸಾಲದು. ಈ ಗ್ಯಾಸ್ ಗಾಳಿಗಿಂತ ಭಾರ. ನೆಲ ಹಿಡಿದು ಹರಿಯುತ್ತದೆ, ಮೋರಿಗೆ ಇಳಿಯುತ್ತದೆ, ಪಕ್ಕದ ಕೋಣೆಯ ಫ್ರಿಜ್‌ನ ತನಕ ಹೋಗುತ್ತದೆ. ಫ್ರಿಜ್ ತಾನಾಗಿಯೇ ಚಾಲೂ ಆದಾಗ ಒಳಗೆ ಸಣ್ಣ ಕಿಡಿ ಹಾರಬಹುದು. ಎಲ್ಲ ಕಿಡಿಗಳನ್ನೂ ಕಾಯುತ್ತ ಕೂರಲಾಗದು. ಆದ್ದರಿಂದ ಗ್ಯಾಸ್ ನಿಲ್ಲದಂತೆ ಮಾಡುವುದೇ ಮುಖ್ಯ. ಗೋಡೆಯ ಬುಡದಲ್ಲಿ ಹೊರಕ್ಕೆ ತೆರೆಯುವ ಜಾಲಂಧ್ರ ಇಡಿಸಿ. ಸಿಲಿಂಡರನ್ನು ತಳಘರದಲ್ಲಿ ಎಂದೂ ಇಡಬೇಡಿ.

ವಾಸನೆ ಬಂದರೆ ಮೊದಲು ಭಟ್ಟಿ ಆರಿಸಿ, ವಾಲ್ವ್ ಮುಚ್ಚಿ, ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳಿಸಿ. ಗ್ಯಾಸ್ ಹೊರಹೋಗಲಿ ಎಂದು ಎಕ್ಸಾಸ್ಟ್ ಫ್ಯಾನ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ.

ಖರ್ಚು? ಐಎಸ್‌ಐ ಗುರುತಿನ ರಬ್ಬರ್ ಟ್ಯೂಬು ಕೆಲವು ನೂರು ರೂಪಾಯಿ. ನಿಮ್ಮ ಗ್ಯಾಸ್ ಏಜೆನ್ಸಿಯಲ್ಲೇ ಸಿಗುತ್ತದೆ. ಐದು ವರ್ಷಕ್ಕೊಮ್ಮೆ ಬದಲಿಸಿ, ಬಿರುಕು ಕಂಡರೆ ಅಂದೇ ಬದಲಿಸಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಸೋರಿಕೆ ಕಂಡು ಕೂಗುವ ಡಿಟೆಕ್ಟರ್, ಸಾದಾ ನಮೂನೆಯದು, ಒಂದೆರಡು ಸಾವಿರದಿಂದ ಶುರು. ಸೋಲಾಪುರದಲ್ಲಿ ಬೆಂಕಿ ಆರಿಸುವ ಸಾಮಾನು ಮಾರುವವರಲ್ಲಿ ವಿಚಾರಿಸಿ. ನೆಲದಿಂದ ಒಂದಡಿ ಎತ್ತರದಲ್ಲಿ ಹಾಕಿಸಿ. ಮೇಲೆ ಹಾಕಿದರೆ ತಡವಾಗಿ ಕೂಗುತ್ತದೆ.

ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಮಾಡುವವರಿಗೂ ಒಂದು ಮಾತು. ಥಿನ್ನರ್ ಖಾಲಿಯಾದ ಡ್ರಮ್ ನಿಜಕ್ಕೂ ಖಾಲಿಯಲ್ಲ. ತಳದಲ್ಲಿ ಉಳಿದ ತೇವ ಆವಿಯಾಗಿ ಒಳಗೆ ತುಂಬಿರುತ್ತದೆ, ಕಿಡಿ ತಗುಲಿದರೆ ಆ ಆವಿಯೂ ಸಿಡಿಯಬಹುದು. ಅದನ್ನು ತೆಗೆಯದೆ ಅಂಥ ಪಾತ್ರೆಗೆ ವೆಲ್ಡಿಂಗ್ ಹಚ್ಚಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮಿನಲ್ಲೇ ಬರೆದಿದ್ದರು. ಚೆನ್ನಾಗಿ ತೊಳೆದು, ಆವಿ ಹೋಗಿದೆಯೇ ಎಂದು ಗ್ಯಾಸ್ ಮೀಟರಿನಿಂದ ಅಳೆದ ಮೇಲೆಯೇ ಕೆಲಸಕ್ಕೆ ಕೈಹಾಕಿ. ಮೀಟರ್ ಇಲ್ಲದ ಕಡೆ ಆ ಡ್ರಮ್ಮಿನ ಕೆಲಸ ಒಪ್ಪಿಕೊಳ್ಳಬೇಡಿ.